ಮಳೆಮಾಪಕದ ನಿದ್ದೆ

ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟುವ ಕೃಷ್ಣೆಯು ಮಹಾರಾಷ್ಟ್ರವನ್ನು ಹಾದು ಕರ್ನಾಟಕವನ್ನು ಪ್ರವೇಶಿಸುವುದು ಬೆಳಗಾವಿ ಜಿಲ್ಲೆಯಲ್ಲಿ. ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಹಲವಾರು ಊರುಗಳು ಅವಳ ದಂಡೆಯಲ್ಲಿವೆ. ನಿಪ್ಪಾಣಿಯ ಕಡೆಯಿಂದ ವೇದಗಂಗೆ, ದೂಧಗಂಗೆಗಳು ಹರಿದುಬಂದು ಅವಳನ್ನು ಕೂಡುತ್ತವೆ. ಈ ಸೀಮೆಯ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ ಹೊಳೆ ಏರತೊಡಗುವುದುಂಟು. ಸಹ್ಯಾದ್ರಿಯಲ್ಲಿ ಸುರಿದ ಮಳೆಯೇ ಅದಕ್ಕೆ ಕಾರಣ. ಕಲ್ಲೋಳ–ಯಡೂರ, ಕಾರದಗಾ–ಭೋಜ ಮೊದಲಾದ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮುಳುಗಿ ಜನರ ಓಡಾಟ ನಿಲ್ಲುವುದು ಇಲ್ಲಿ ಹೊಸ ಸುದ್ದಿಯಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನಿಪ್ಪಾಣಿಯ ಸಮೀಪದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು ಹರಿಯಿತು. 2021ರ ಜುಲೈಯಲ್ಲಿ ಹೊಳೆಗಳು ಮತ್ತೆ ದಡ ಮೀರಿದವು.

ಎಲ್ಲಿ ಎಷ್ಟು ಮಳೆ ಬಿದ್ದಿತೆಂಬುದು ಬೇಗ ತಿಳಿದಷ್ಟೂ ದನಕರುಗಳನ್ನು ಬಿಚ್ಚಿ ಎತ್ತರದ ಸ್ಥಳಕ್ಕೆ ಸಾಗಿಸಲು ಹೆಚ್ಚು ಹೊತ್ತು ಸಿಗುತ್ತದೆ. ಈ ಉದ್ದೇಶದಿಂದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆಯಿದು. ಇಂತಹ ಮಾಪಕವು 15 ನಿಮಿಷಗಳಿಗೊಮ್ಮೆ ಮಳೆಯ ಅಳತೆಯನ್ನು ದೂರದ ಕೇಂದ್ರಕ್ಕೆ ತಾನಾಗಿಯೇ ಕಳುಹಿಸಬಲ್ಲದು. ಅದರ ಬದುಕು ಒಂದು ಚಿಕ್ಕ ಸೌರಫಲಕವನ್ನೂ ಒಂದು ಬ್ಯಾಟರಿಯನ್ನೂ ಅವಲಂಬಿಸಿದೆ.

ಇಲ್ಲಿಯೇ ಒಂದು ವಿಚಿತ್ರ ಸಂಕಟವಿದೆ. ಮಾಪಕದ ವರದಿ ಅತ್ಯಂತ ಅಗತ್ಯವಾಗುವುದು ಮೋಡ ಕವಿದ ದಿನಗಳಲ್ಲಿ. ಸೌರಫಲಕವು ಸೊರಗುವುದೂ ಅದೇ ದಿನಗಳಲ್ಲಿ. ಬೇಸಿಗೆಯಲ್ಲಿ ಬಿಸಿಲು ಬೇಕಾದಷ್ಟಿರುತ್ತದೆ, ಆಗ ಅಳೆಯಲು ಮಳೆಯಿಲ್ಲ. ಆದುದರಿಂದ ಆಷಾಢ ಶ್ರಾವಣಗಳ ಕತ್ತಲೆಯ ದಿನಗಳನ್ನು ದಾಟಿಸುವ ಭಾರವೆಲ್ಲವೂ ಬ್ಯಾಟರಿಯ ಮೇಲೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಉಪಕರಣಕ್ಕೆ 7 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಜೋಡಿಸಿದೆಯೆಂದೂ, ಎಚ್ಚರವಾಗಿರುವಾಗ ಅದು ಸರಾಸರಿ 100 ಮಿಲಿಆಂಪಿಯರ್ ವಿದ್ಯುತ್ತನ್ನು ಸೆಳೆಯುವುದೆಂದೂ ಇಟ್ಟುಕೊಳ್ಳೋಣ. ಅದು ಹಗಲಿರುಳೂ ಎಚ್ಚರವಾಗಿದ್ದರೆ ಬ್ಯಾಟರಿಯು 70 ಗಂಟೆಗಳಲ್ಲಿ, ಎಂದರೆ ಮೂರು ದಿನ ತುಂಬುವ ಮೊದಲೇ, ಬರಿದಾಗುತ್ತದೆ. ಅದೇ ಉಪಕರಣವು 15 ನಿಮಿಷಗಳಲ್ಲಿ ಒಂದು ನಿಮಿಷ ಮಾತ್ರ ಎದ್ದಿದ್ದು, ಉಳಿದ 14 ನಿಮಿಷ ಕೇವಲ 2 ಮಿಲಿಆಂಪಿಯರ್ ಬಳಸುತ್ತ ನಿದ್ರಿಸಿದರೆ ಸರಾಸರಿ ಬಳಕೆ ಸುಮಾರು 8.5 ಮಿಲಿಆಂಪಿಯರಿಗೆ ಇಳಿಯುತ್ತದೆ. ಆಗ ಅದೇ ಬ್ಯಾಟರಿ ಬಿಸಿಲಿನ ಮುಖ ಕಾಣದೆಯೂ ಸುಮಾರು 34 ದಿನ ಬಾಳುತ್ತದೆ.

ಆದರೆ ನಿದ್ರಿಸುವ ಯಂತ್ರವು ಮಳೆಯನ್ನು ಅಳೆಯುವುದು ಹೇಗೆ? ಮಾಪಕದ ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ನಿಗದಿಯಾದಷ್ಟು ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ಬರಿದಾಗುತ್ತದೆ, ಮತ್ತೊಂದು ಮೇಲೇಳುತ್ತದೆ. ಪ್ರತಿ ಸಲ ವಾಲುವಾಗಲೂ ಅದಕ್ಕೆ ಅಂಟಿಸಿದ ಅಯಸ್ಕಾಂತವು ಒಂದು ಸ್ವಿಚ್ಚನ್ನು ಕ್ಷಣಕಾಲ ಮುಚ್ಚುತ್ತದೆ. ಬಟ್ಟಲನ್ನು ತಿರುಗಿಸುವುದು ನೀರಿನ ಭಾರವೇ ಹೊರತು ಬ್ಯಾಟರಿಯಲ್ಲ! ಎಣಿಕೆಯಷ್ಟನ್ನು ಗುರುತಿಡಲು ಅತ್ಯಲ್ಪ ವಿದ್ಯುತ್ತು ಸಾಕು. ಹೆಚ್ಚು ಖರ್ಚಾಗುವುದು ದೂರವಾಣಿ ಗೋಪುರದೊಡನೆ ಸಂಪರ್ಕ ಬೆಳೆಸಿ ವರದಿ ಕಳುಹಿಸುವಾಗ. ಪ್ರವಾಹದಲ್ಲಿ ಗೋಪುರವೇ ಕೆಟ್ಟು ನಿಂತರೆ ಅವಿವೇಕಿ ಉಪಕರಣವು ಮತ್ತೆ ಮತ್ತೆ ಕೂಗಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಜಾಣತನದಿಂದ ರೂಪಿಸಿದ ಉಪಕರಣವಾದರೋ ಒಂದೆರಡು ಸಲ ಯತ್ನಿಸಿ, ಅಳತೆಯನ್ನು ನೆನಪಿನ ಭಂಡಾರದಲ್ಲಿ ಬರೆದಿಟ್ಟು ಮಲಗುತ್ತದೆ. ಸಂಪರ್ಕ ಮರಳಿದಾಗ ಬಾಕಿಯನ್ನೆಲ್ಲ ಒಪ್ಪಿಸುತ್ತದೆ.

ಬ್ಯಾಟರಿಯಲ್ಲಿರುವುದನ್ನೆಲ್ಲ ಕೊನೆಯವರೆಗೆ ಹಿಂಡುವುದೂ ತರವಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತಾನ್ ಪ್ಲಾಂತೆಯು ನಿರ್ಮಿಸಿದ ಸೀಸ-ಆಮ್ಲ ಬ್ಯಾಟರಿಯ ವಂಶಕ್ಕೆ ಸೇರಿದವು ಇಂದಿಗೂ ಬಳಕೆಯಲ್ಲಿವೆ. ವಿದ್ಯುತ್ತನ್ನು ಕೊಡುತ್ತಿರುವಂತೆ ಅವುಗಳ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ. ಬೇಗನೆ ಮರುಪೂರಣವಾದರೆ ಅದು ಕರಗಿಹೋಗುತ್ತದೆ. ಬರಿದಾದ ಸ್ಥಿತಿಯಲ್ಲಿಯೇ ಬಹುದಿನ ಬಿಟ್ಟರೆ ಗಟ್ಟಿ ಹರಳಾಗಿ ಬ್ಯಾಟರಿಯ ಸಾಮರ್ಥ್ಯವನ್ನು ಕುಗ್ಗಿಸುತ್ತದೆ. ಪೂರ್ಣ ತುಂಬಿದ 12 ವೋಲ್ಟ್ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಮುಗಿದಾಗ ಸುಮಾರು 12.2. ಅರ್ಧಕ್ಕಿಂತ ಕೆಳಗಿಳಿಸಬಾರದೆಂದು ನಿಯಮ ಮಾಡಿಕೊಂಡರೆ ಹಿಂದಿನ ಲೆಕ್ಕದ 34 ದಿನಗಳು 17 ಆಗುತ್ತವೆ. ಬಿಡದೆ ಹಿಡಿವ ಜಡಿಮಳೆಗೆ ಅದೇನೂ ಕಡಮೆಯಲ್ಲ.

ಉಳಿದದ್ದು ಮನುಷ್ಯರ ಕೆಲಸ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸುತ್ತಾರೆ. ಓರೆಯಿಂದಾಗಿ ಧೂಳು ಮಳೆಯಲ್ಲಿ ತೊಳೆದುಹೋಗುತ್ತದೆ. ಹಕ್ಕಿಯ ಹಿಕ್ಕೆ ಒಣಗಿ ಅಂಟಿದರೆ ಒದ್ದೆಬಟ್ಟೆಯಿಂದ ಒರೆಸಲೇಬೇಕು. ಬಳಿಯಲ್ಲಿ ಎತ್ತರವಾಗಿ ಬೆಳೆದ ಕಬ್ಬಿನ ನೆರಳು ಬಿದ್ದರೂ ವಿದ್ಯುತ್ತಿನ ಉತ್ಪತ್ತಿ ಬಹಳ ಕುಗ್ಗುತ್ತದೆ.

ಅಥಣಿಯ ಪೂರ್ವಭಾಗದಂತಹ ಒಣಸೀಮೆಯಲ್ಲಿ ಬೇರೊಂದು ತೊಡಕುಂಟು. ಅಲ್ಲಿ ವಾರಗಟ್ಟಲೆ ಬಟ್ಟಲು ವಾಲುವುದೇ ಇಲ್ಲ. ಮಳೆಯಿಲ್ಲವೆಂದು ಉಪಕರಣವನ್ನು ಪೂರ್ತಿ ಮೌನವಾಗಿರಿಸಿದರೆ, ಅದು ಕೆಟ್ಟಿದೆಯೋ ಮಲಗಿದೆಯೋ ಕೇಂದ್ರಕ್ಕೆ ತಿಳಿಯುವಂತಿಲ್ಲ. ಆದಕಾರಣ ಹನಿಯೂ ಬೀಳದ ದಿನ ಉಪಕರಣವು ಎದ್ದು, ಮಳೆ ಸೊನ್ನೆಯೆಂದು ತಿಳಿಸಿ, ಜೊತೆಗೆ ತನ್ನ ಬ್ಯಾಟರಿ ಎಷ್ಟು ವೋಲ್ಟಿನಲ್ಲಿದೆ ಎಂಬುದನ್ನೂ ವರದಿಮಾಡಿ ಮತ್ತೆ ಮಲಗುವಂತೆ ಏರ್ಪಡಿಸುವುದು ಲೇಸು. ದಿನದಿಂದ ದಿನಕ್ಕೆ ಆ ವೋಲ್ಟ್ ಇಳಿಯುತ್ತಿದ್ದರೆ, ಮಾಪಕ ಮೂಕವಾಗುವ ಮೊದಲೇ ಯಾರಾದರೊಬ್ಬರು ಹೊಸ ಬ್ಯಾಟರಿ ಹಿಡಿದು ಆ ಊರಿಗೆ ಹೊರಡಬಹುದು.