ಎದುರು ಪಕ್ಷದವರ ಮನಸ್ಸು ತಿಳಿಯಲು ಯಾವ ಊರಿಗೆ ಹೋಗಬೇಕು? ಎಂಟು ಸೂತ್ರಗಳು

ಬಳ್ಳಾರಿ ತಾಲ್ಲೂಕಿನ ಕೊಳಗಲ್ಲಿನಂಥ ಊರಿನಲ್ಲಿ ರಾಜಕೀಯದ ಮಾತಿಗೆ ಬರವಿಲ್ಲ. ಆದರೆ ಕಟ್ಟೆಯ ಮೇಲೆ ದಿನಾ ಸೇರುವವರು ಅದೇ ಮಂದಿ, ನಡೆಯುವುದು ಅದೇ ವಾದ. ನಾವು ಒಪ್ಪದ ಪಕ್ಷಕ್ಕೆ ಬೇರೆಯವರು ಯಾಕೆ ಓಟು ಹಾಕುತ್ತಾರೆ ಎಂದು ತಿಳಿಯಬೇಕಾದರೆ ಕಟ್ಟೆ ಬಿಟ್ಟು ಏಳಲೇಬೇಕು. ಎದ್ದು ಎಲ್ಲಿಗೆ ಹೋಗಬೇಕು? ಬಳ್ಳಾರಿ ಸೀಮೆಯಲ್ಲೇ ಉತ್ತರವಿದೆ.

1. ಬಾವುಟ ನೋಡಿ ಊರು ಆರಿಸಬೇಡಿ.
‘ಅದು ಕಾಂಗ್ರೆಸ್ ಊರು, ಇದು ಬಿಜೆಪಿ ಊರು’ ಎಂಬ ಮಾತು ಬಹಳ ದಿನ ಬಾಳುವುದಿಲ್ಲ. 1999ರಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಸುಮಾರು 56 ಸಾವಿರ ಮತಗಳಿಂದ ಸೋಲಿಸಿ ಸೋನಿಯಾ ಗಾಂಧಿಯವರನ್ನು ಗೆಲ್ಲಿಸಿದ ಬಳ್ಳಾರಿ ಕ್ಷೇತ್ರ 2004ರಲ್ಲಿ ಬಿಜೆಪಿಗೆ ಒಲಿಯಿತು. 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್, ಮರುವರ್ಷವೇ ಬಿಜೆಪಿ, 2024ರಲ್ಲಿ ಮತ್ತೆ ಕಾಂಗ್ರೆಸ್. ಜನ ಅವರೇ, ಬಾವುಟ ಮಾತ್ರ ಬೇರೆ.

2. ಮೊದಲು ಪ್ರಶ್ನೆ ಆರಿಸಿ, ಊರು ತಾನಾಗಿ ಸಿಗುತ್ತದೆ.
ಗಣಿ ನಿಂತರೆ ಯಾರ ಒಲೆ ಆರುತ್ತದೆ, ನಡೆದರೆ ಯಾರ ಹೊಲ ಕೆಂಪಾಗುತ್ತದೆ ಎಂದು ಕೇಳಬೇಕೇ? ಸಂಡೂರಿಗೆ ಹೋಗಿ. ಸಣ್ಣ ಉದ್ಯಮದವರ ಸಂಕಟವೇ? ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಹೋಗಿ. ಬದುಕು ಯಾವುದರ ಮೇಲೆ ನಿಂತಿದೆಯೋ ಅದರ ಸುತ್ತಲೇ ರಾಜಕೀಯವೂ ಇರುತ್ತದೆ.

3. ನೀರಿನ ಪ್ರಶ್ನೆಯಾದರೆ ಕಾಲುವೆಯ ಮೇಲ್ಭಾಗಕ್ಕೂ ಹೋಗಿ, ಕೊನೆ ಭಾಗಕ್ಕೂ ಹೋಗಿ.
ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಸಿರುಗುಪ್ಪ ಸೀಮೆ ದಾಟಿ ಆಂಧ್ರದ ಕರ್ನೂಲು ಕಡೆಗೆ ಹೋಗುತ್ತದೆ. ಮೇಲ್ಭಾಗದ ರೈತ ಭತ್ತ ನಾಟಿ ಮಾಡಿದರೆ ಕೊನೆ ಭಾಗದವನು ತೂಬಿನ ಮುಂದೆ ಕಾಯಬೇಕು. ‘ನೀರಿದ್ದಾಗ ಭತ್ತ ಬೆಳೆಯದೆ ಏನು ಮಾಡಲಿ’ ಎಂಬುದು ಒಬ್ಬನ ನ್ಯಾಯ. ‘ಲೆಕ್ಕದಂತೆ ನನ್ನ ಪಾಲು ಬಿಡಲಿ’ ಎಂಬುದು ಇನ್ನೊಬ್ಬನದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತಲ್ಲ, ಆ ದಿನಗಳ ಬಗ್ಗೆ ಇಬ್ಬರನ್ನೂ ಕೇಳಿ. ತಪ್ಪು ಯಾರದು, ಸರ್ಕಾರ ಏನು ಮಾಡಬೇಕಿತ್ತು ಎಂಬ ಮಾತಿನಲ್ಲೇ ಅವರವರ ರಾಜಕೀಯ ಹೊರಬರುತ್ತದೆ.

4. ಒಂದೇ ನಷ್ಟ ಉಂಡವರು ಬೇರೆಬೇರೆ ಮಾತಾಡುವ ಊರನ್ನು ಬಿಡಬೇಡಿ.
ಅಂಥದ್ದು ಕುಡುತಿನಿ. ಸುತ್ತಲಿನ ಹರಗಿನಡೋಣಿ, ವೇಣಿವೀರಾಪುರ, ಜಾನೆಕುಂಟೆಯನ್ನೂ ಸೇರಿಸಿಕೊಳ್ಳಿ. ಉಕ್ಕಿನ ಕಾರ್ಖಾನೆಗಳಿಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಇಲ್ಲಿ ಜಮೀನು ಪಡೆದು ದಶಕ ದಾಟಿದರೂ ಕಾರ್ಖಾನೆ ಏಳಲಿಲ್ಲ. 2022ರ ಡಿಸೆಂಬರ್‌ನಲ್ಲಿ ಭೂಸಂತ್ರಸ್ತರು ಅನಿರ್ದಿಷ್ಟಾವಧಿ ಧರಣಿಗೆ ಕೂತರು. ಬೆಲೆ ಹೆಚ್ಚಿಸಿ ಪರಿಹಾರ ಕೊಡಿ, ಕಾರ್ಖಾನೆ ಕಟ್ಟಿ ಮಕ್ಕಳಿಗೆ ಕೆಲಸ ಕೊಡಿ, ಎರಡೂ ಆಗದಿದ್ದರೆ ಜಮೀನು ವಾಪಸ್ ಕೊಡಿ: ಬೇಡಿಕೆ ಮೂರು. ಯಾವುದು ಮೊದಲು ಎಂದು ತಂದೆಯನ್ನೂ ಮಗನನ್ನೂ ಬೇರೆಬೇರೆ ಕೇಳಿ ನೋಡಿ. ಎಡ-ಬಲ ಎಂದು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಒಂದೇ ಮನೆಯಲ್ಲಿ ತಿಳಿಯುತ್ತದೆ.

5. ಗಡಿಯ ಎರಡೂ ಕಡೆ ನಿಂತು ಕೇಳಿ.
2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಗೆ ಹಬ್ಬ, ಬಳ್ಳಾರಿಗೆ ಬೇಸರ. ‘ಜಿಲ್ಲಾ ಕಚೇರಿ ನಮ್ಮ ಹತ್ತಿರ ಬಂತು’ ಎನ್ನುವವರೂ ಸರಿ, ‘ಹಂಪಿ, ಡ್ಯಾಮು ಎರಡೂ ಕೈಬಿಟ್ಟವು’ ಎನ್ನುವವರೂ ಸರಿ. ಹಳೆಯ ಗಡಿಯೂ ಇದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆದೋನಿಯ ಕನ್ನಡಿಗನನ್ನೂ ಬಳ್ಳಾರಿಯ ತೆಲುಗು ಮನೆಯವರನ್ನೂ ಮಾತಾಡಿಸಿ.

6. ಗಾಳಿಮಾತು ಬಿಡಿ, ಫಾರಂ 20 ನೋಡಿ.
ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಮತ ಸಮಸಮವಾಗಿ ಹಂಚಿಹೋದ ಊರೊಂದು, ಒಂದೇ ಕಡೆ ವಾಲಿದ ಊರೊಂದು, ಹೀಗೆ ಎರಡನ್ನು ಆರಿಸಿ. ಮೊದಲನೆಯದರಲ್ಲಿ ವಾದ ಕೇಳುತ್ತೀರಿ. ಎರಡನೆಯದರಲ್ಲಿ ವಾದವೇ ಯಾಕಿಲ್ಲ ಎಂದು ಕೇಳಬೇಕು.

7. ಚುನಾವಣೆ ಮುಗಿದ ಮೇಲೆ ಹೋಗಿ.
ಪ್ರಚಾರದ ದಿನಗಳಲ್ಲಿ ಕೇಳಿಸುವುದು ಮೈಕಿನ ಮಾತು. ಗ್ರಾಮಸಭೆಯ ದಿನ ಹೋದರೆ ಇನ್ನೂ ಒಳ್ಳೆಯದು, ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕೆಂದು ಕಾನೂನೇ ಇದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಅಲ್ಲಿ ಜಗಳ ಚರಂಡಿ, ಮನೆ, ಉದ್ಯೋಗ ಖಾತರಿ ಕೂಲಿಯ ಸುತ್ತಲೇ ಇರುತ್ತದೆ.

8. ‘ಯಾರಿಗೆ ಓಟು?’ ಎಂದು ಶುರು ಮಾಡಬೇಡಿ.
ಆ ಪ್ರಶ್ನೆಗೆ ಬಾಗಿಲು ಮುಚ್ಚುತ್ತದೆ. ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಕೂತು, ‘ಯಜಮಾನ್ರೆ, ಈ ಸಲ ನೀರು ಎಲ್ಲಿತನಕ ಬಂತ್ರೀ?’ ಎಂದರೆ ಮಾತು ಬೆಳೆಯುತ್ತದೆ. ಮುಖಂಡರ ಮನೆಯಲ್ಲೇ ಊಟ ಮುಗಿಸಿ ಬರಬೇಡಿ. ಕಳೆ ಕೀಳುವ ಅಕ್ಕಂದಿರನ್ನು, ಜಮೀನು ಗುತ್ತಿಗೆ ಮಾಡುವವರನ್ನು ಕೇಳಿ. ನೀವು ವಾದ ಹೂಡಬೇಡಿ. ಹೊರಡುವ ಮುಂಚೆ ಅವರ ಮಾತನ್ನು ಅವರಿಗೇ ಒಪ್ಪಿಸಿ. ‘ಹೌದ್ರೀ, ನಾ ಹೇಳಿದ್ದು ಅದೇ’ ಎಂದರೆ ಪಾಸು. ‘ಹಂಗಲ್ರೀ’ ಎಂದರೆ ಇನ್ನೊಂದು ಚಹಾ ಹೇಳಿ, ಮತ್ತೆ ಕೇಳಿ.