ಹಳೆಯ ಟ್ಯಾಂಕರ್ ಲಾರಿಯ ಸ್ಟಾರ್ಟಿಂಗ್ ದೋಷ: ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣವು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ನಿರೂಪಿಸುತ್ತದೆ. ಕುಡಿಯುವ ನೀರು ಮತ್ತು ನೈರ್ಮಲ್ಯ ಅವುಗಳಲ್ಲಿ ಮುಖ್ಯವಾದವು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಜನವಸತಿಗಳಿಗೆ ಟ್ಯಾಂಕರ್ ಲಾರಿಯೊಂದೇ ಆಸರೆಯಾಗಿರುವ ಸಂದರ್ಭಗಳುಂಟು. ಅಂತಹ ಲಾರಿ ಪೂರ್ಣವಾಗಿ ಕೆಟ್ಟರೆ ದುರಸ್ತಿ ಸುಲಭ. ದೋಷ ಎದುರಿಗೇ ಇರುತ್ತದೆ. ಆದರೆ ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆದ ಲಾರಿ ಎರಡನೆಯ ಸುತ್ತಿಗೆ ನೀರು ತುಂಬಿಸಿಕೊಂಡ ಸ್ಥಳದಲ್ಲೇ ನಿಂತು, ಮೆಕ್ಯಾನಿಕ್ ಬರುವಷ್ಟರಲ್ಲಿ ತಾನಾಗಿಯೇ ಸ್ಟಾರ್ಟ್ ಆಗುವ ಸ್ಥಿತಿ ಹೆಚ್ಚು ಕಷ್ಟಕರ. ಆಗ ಊಹೆಯ ಮೇಲೆ ಮೊದಲು ಬ್ಯಾಟರಿ, ನಂತರ ‘ಸೆಲ್ಫ್’ ಎಂದು ಕರೆಯಲ್ಪಡುವ ಸ್ಟಾರ್ಟರ್ ಮೋಟಾರ್, ಅದರ ನಂತರ ಡೈನಮೋ ಬದಲಾಗುತ್ತವೆ. ಬಿಲ್ಲುಗಳು ಪಾವತಿಯಾಗುತ್ತವೆ, ದೋಷ ಉಳಿಯುತ್ತದೆ. ಸರದಿಯ ಕೊನೆಯಲ್ಲಿರುವ ಕೇರಿಗೆ ಆ ದಿನ ನೀರು ತಲುಪುವುದಿಲ್ಲ.

ಬಿಟ್ಟು ಬಿಟ್ಟು ಬರುವ ಈ ದೋಷವನ್ನು ಪತ್ತೆಹಚ್ಚುವ ಕ್ರಮವನ್ನೂ, ದುರಸ್ತಿ ವೆಚ್ಚಕ್ಕೆ ಅನುಮೋದನೆ ನೀಡುವಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳನ್ನೂ ಈ ಪಾಠವು ವಿವರಿಸುತ್ತದೆ. ಪರೀಕ್ಷೆಗಳನ್ನು ಆಟೋ ಎಲೆಕ್ಟ್ರಿಷಿಯನ್ ಮಾಡತಕ್ಕದ್ದು. ಅದರ ಅರ್ಥವನ್ನು ಸದಸ್ಯರು ತಿಳಿದಿರತಕ್ಕದ್ದು.

1. ಲಾರಿ ಸ್ಟಾರ್ಟ್ ಆಗುವ ಬಗೆ

ಹಳೆಯ ಡೀಸೆಲ್ ಇಂಜಿನ್‌ಗೆ ಕಿಡಿ ಬೇಕಿಲ್ಲ. ಇಂಜಿನ್ ಸಾಕಷ್ಟು ವೇಗದಲ್ಲಿ ತಿರುಗಬೇಕು ಮತ್ತು ಅದಕ್ಕೆ ಡೀಸೆಲ್ ತಲುಪಬೇಕು. ಈ ಕೆಲಸದಲ್ಲಿ ಮೂರು ವಿದ್ಯುತ್ ಮಾರ್ಗಗಳಿವೆ.

(ಅ) ದಪ್ಪ ತಂತಿಯ ಮಾರ್ಗ: ಬ್ಯಾಟರಿಯಿಂದ ಸೆಲ್ಫ್‌ಗೆ ಹೋಗಿ, ಇಂಜಿನ್ ಮತ್ತು ಚಾಸಿಯ ಮೂಲಕ ಅರ್ತ್ ಪಟ್ಟಿಯಲ್ಲಿ ಬ್ಯಾಟರಿಗೆ ಮರಳುವ ಮಾರ್ಗ. ಇದರಲ್ಲಿ ನೂರಾರು ಆಂಪಿಯರ್ ವಿದ್ಯುತ್ ಹರಿಯುತ್ತದೆ.

(ಆ) ತೆಳು ತಂತಿಯ ಮಾರ್ಗ: ಕೀಲಿ ಸ್ವಿಚ್, ಫ್ಯೂಸ್, ರಿಲೇ ಇವುಗಳ ಮೂಲಕ ಸೆಲ್ಫ್‌ನ ಮೇಲಿರುವ ಸಾಲಿನಾಯ್ಡ್‌ಗೆ ಆದೇಶ ಒಯ್ಯುವ ಮಾರ್ಗ.

(ಇ) ಇಂಧನದ ಮಾರ್ಗ: ಕೆಲವು ಲಾರಿಗಳಲ್ಲಿ ಡೀಸೆಲ್ ಪಂಪಿನ ಮೇಲೆ ಇಂಧನ ತಡೆಯುವ ಸಾಲಿನಾಯ್ಡ್ ಇರುತ್ತದೆ. ಅದಕ್ಕೆ ವಿದ್ಯುತ್ ತಪ್ಪಿದರೆ ಸೆಲ್ಫ್ ಚೆನ್ನಾಗಿ ತಿರುಗಿದರೂ ಇಂಜಿನ್ ಹತ್ತುವುದಿಲ್ಲ.

ದೋಷ ಯಾವ ಮಾರ್ಗದಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಯಾವ ಬಿಡಿಭಾಗ ಕೆಟ್ಟಿದೆ ಎಂಬುದು ಎರಡನೆಯ ಪ್ರಶ್ನೆ.

2. ಶಬ್ದವೇ ಮೊದಲ ಸಾಕ್ಷ್ಯ

ಕೀಲಿ ತಿರುಗಿಸಿದಾಗ ಚಾಲಕನಿಗೆ ಕೇಳಿಸುವುದನ್ನು ಹಾಗೆಯೇ ಬರೆದಿಡಬೇಕು. “ಸ್ಟಾರ್ಟ್ ಆಗಲಿಲ್ಲ” ಎಂಬ ಒಂದು ಮಾತಿನಿಂದ ಪ್ರಯೋಜನವಿಲ್ಲ.

• ಯಾವ ಶಬ್ದವೂ ಇಲ್ಲ, ದೀಪಗಳು ಪ್ರಕಾಶಮಾನವಾಗಿವೆ: ತೆಳು ತಂತಿಯ ಮಾರ್ಗ ಅಥವಾ ಸಾಲಿನಾಯ್ಡ್ ಅನುಮಾನಾಸ್ಪದ.
• ಟಕ ಟಕ ಎಂದು ಬೇಗ ಬೇಗ ಬಡಿಯುವ ಶಬ್ದ: ಬ್ಯಾಟರಿ ಇಳಿದಿದೆ ಅಥವಾ ದಪ್ಪ ತಂತಿಯ ಜೋಡಣೆ ಸಡಿಲವಾಗಿದೆ.
• ‘ಟಕ್’ ಎಂದು ಒಂದೇ ಸದ್ದು, ನಂತರ ಮೌನ: ಸಾಲಿನಾಯ್ಡ್‌ನ ಒಳಸಂಪರ್ಕ, ಸೆಲ್ಫ್‌ನ ಬ್ರಷ್ ಅಥವಾ ದಪ್ಪ ತಂತಿ.
• ಸೆಲ್ಫ್ ನಿಧಾನವಾಗಿ ಎಳೆಯುತ್ತದೆ: ಬ್ಯಾಟರಿ, ಅರ್ತ್ ಪಟ್ಟಿ ಅಥವಾ ಸವೆದ ಸೆಲ್ಫ್.
• ಸೆಲ್ಫ್ ಮಾತ್ರ ಗಿರ್ರೆಂದು ತಿರುಗುತ್ತದೆ, ಇಂಜಿನ್ ತಿರುಗುವುದಿಲ್ಲ: ಸೆಲ್ಫ್‌ನ ಹಲ್ಲುಚಕ್ರದ ಯಾಂತ್ರಿಕ ದೋಷ.
• ಇಂಜಿನ್ ವೇಗವಾಗಿ ತಿರುಗಿದರೂ ಹತ್ತುವುದಿಲ್ಲ: ಇಂಧನದ ಮಾರ್ಗ. ಇಂತಹ ಸಂದರ್ಭದಲ್ಲಿ ಹೊಸ ಬ್ಯಾಟರಿ ಖರೀದಿಗೆ ಆಧಾರವಿಲ್ಲ.

ದೋಷ ಕಾಣಿಸಿದ ಸಮಯವೂ ಸಾಕ್ಷ್ಯವೇ. ರಾತ್ರಿಯಿಡೀ ನಿಂತ ಬಳಿಕ ಬೆಳಿಗ್ಗೆ ಮಾತ್ರ ಕಾಣಿಸಿದರೆ ಬ್ಯಾಟರಿ ದುರ್ಬಲವಾಗಿರಬಹುದು, ಅಥವಾ ನಂತರ ಜೋಡಿಸಿದ ಧ್ವನಿವರ್ಧಕ, ಹೆಚ್ಚುವರಿ ದೀಪ ಮುಂತಾದವು ರಾತ್ರಿಯಲ್ಲಿ ವಿದ್ಯುತ್ ಹೀರುತ್ತಿರಬಹುದು. ಇಂಜಿನ್ ಬಿಸಿಯಾದ ಮೇಲೆ ಕಾಣಿಸಿದರೆ ಸಾಲಿನಾಯ್ಡ್, ಸೆಲ್ಫ್ ಮತ್ತು ಅವುಗಳ ಜೋಡಣೆಗಳನ್ನು ಮೊದಲು ನೋಡಬೇಕು. ಮಳೆ ಅಥವಾ ತೊಳೆದ ನಂತರ ಕಾಣಿಸಿದರೆ ನೀರು ಸೇರುವ ಕನೆಕ್ಟರುಗಳನ್ನು ಬಿಚ್ಚಿ ಪರಿಶೀಲಿಸಬೇಕು.

3. ವೋಲ್ಟೇಜ್ ಇದ್ದರೂ ಬಲ ಇಲ್ಲದಿರುವುದೇಕೆ

ನೀರು ಸರಬರಾಜಿನ ಅನುಭವವುಳ್ಳ ಸದಸ್ಯರಿಗೆ ಇದು ಪರಿಚಿತ ವಿಷಯ. ಪೈಪಿನೊಳಗೆ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡಮಾಪಕವು ಪೂರ್ಣ ಒತ್ತಡವನ್ನೇ ತೋರಿಸುತ್ತದೆ. ನಲ್ಲಿ ತೆರೆದ ಕ್ಷಣ ಒತ್ತಡ ಕುಸಿಯುತ್ತದೆ. ತಂತಿಯೂ ಹಾಗೆಯೇ. ಒಳಗೆ ತುಕ್ಕು ಹಿಡಿದು ಕೆಲವೇ ಎಳೆಗಳು ಉಳಿದ ಕೇಬಲ್, ವಿದ್ಯುತ್ ಹರಿಯದಿರುವಾಗ ಮಲ್ಟಿಮೀಟರಿನಲ್ಲಿ 12 ವೋಲ್ಟನ್ನೇ ತೋರಿಸುತ್ತದೆ. ಸೆಲ್ಫ್ 200 ಆಂಪಿಯರ್ ಬೇಡಿದಾಗ, ಜೋಡಣೆಯಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆಯಿದ್ದರೂ 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಆದುದರಿಂದ ನಿಂತ ಲಾರಿಯಲ್ಲಿ ಅಳೆದ ವೋಲ್ಟೇಜ್ ಮಾತ್ರ ಸಾಲದು. ಕೀಲಿ ತಿರುಗಿಸಿ ಹಿಡಿದಿರುವಾಗಲೇ ಅಳೆಯಬೇಕು.

4. ಪರೀಕ್ಷಾ ಕ್ರಮ

ಈ ಕೆಳಗಿನ ಅಳತೆಗಳು 12 ವೋಲ್ಟ್ ವ್ಯವಸ್ಥೆಗೆ ಸಂಬಂಧಿಸಿವೆ. 24 ವೋಲ್ಟ್ ಲಾರಿಗಳಲ್ಲಿ ಬ್ಯಾಟರಿ ಮತ್ತು ಚಾರ್ಜಿಂಗ್ ಅಳತೆಗಳನ್ನು ಇಮ್ಮಡಿಯಾಗಿ ಗ್ರಹಿಸಬೇಕು.

(1) ಕಣ್ಣಿನ ಪರಿಶೀಲನೆ: ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ, ಕೈಯಿಂದ ತಿರುಗಿಸಿದರೆ ಅಲುಗುವ ಕ್ಲಾಂಪ್, ಸುಟ್ಟ ಕನೆಕ್ಟರ್ ಇವುಗಳನ್ನು ನೋಡಬೇಕು. ಇಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ ಚಾಸಿಗೂ ಅದಕ್ಕೂ ನಡುವೆ ಅರ್ತ್ ಪಟ್ಟಿ ಅತ್ಯಗತ್ಯ. ಕ್ಲಚ್ ಅಥವಾ ಇಂಜಿನ್ ಕೆಲಸದ ನಂತರ ಈ ಪಟ್ಟಿಯನ್ನು ಮರಳಿ ಜೋಡಿಸದಿರುವ, ಇಲ್ಲವೇ ಬಣ್ಣದ ಮೇಲೆಯೇ ಬಿಗಿದಿರುವ ಸಾಧ್ಯತೆಯುಂಟು.

(2) ಬ್ಯಾಟರಿ: ಕೆಲವು ಗಂಟೆ ವಿಶ್ರಾಂತಿಯ ನಂತರ ಪೂರ್ಣ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ ಚಾರ್ಜ್. ಚಾರ್ಜ್ ಇರುವ ಬ್ಯಾಟರಿಯ ವೋಲ್ಟೇಜ್ ಸೆಲ್ಫ್ ಎಳೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ, ಇಲ್ಲವೇ ಸೆಲ್ಫ್ ಮಿತಿಮೀರಿ ವಿದ್ಯುತ್ ಎಳೆಯುತ್ತಿದೆ.

(3) ಚಾರ್ಜಿಂಗ್: ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಇದು ಸರಿಯಿದ್ದರೆ ಡೈನಮೋ ಬದಲಿಸಲು ಕಾರಣವಿಲ್ಲ.

(4) ಮಾರ್ಗದ ನಷ್ಟ: ಸೆಲ್ಫ್ ಎಳೆಯುವಾಗ ಬ್ಯಾಟರಿಯ ಧನ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ವರೆಗೆ ಸುಮಾರು 0.5 ವೋಲ್ಟ್, ಋಣ ಕಂಬದಿಂದ ಇಂಜಿನ್ ಮೈಗೆ ಸುಮಾರು 0.2ರಿಂದ 0.3 ವೋಲ್ಟ್ ಮೀರಬಾರದು. ಮೀಟರಿನ ಒಂದು ತುದಿಯನ್ನು ಟರ್ಮಿನಲ್ ಕ್ಲಾಂಪಿನ ಮೇಲಲ್ಲ, ಬ್ಯಾಟರಿಯ ಕಂಬದ ಮೇಲೆಯೇ ಇಡಬೇಕು. ಇಲ್ಲದಿದ್ದರೆ ಕ್ಲಾಂಪಿನ ದೋಷ ಕಾಣಿಸದು.

(5) ಸೂಚಕ ಬಲ್ಬ್: ಮೆಕ್ಯಾನಿಕ್ ಎದುರಿಗೆ ದೋಷ ಬಾರದಿದ್ದಾಗ ಅತ್ಯಂತ ಉಪಯುಕ್ತವಾದ ಉಪಾಯ ಇದು. ಸಾಲಿನಾಯ್ಡ್‌ಗೆ ಬರುವ ತೆಳು ತಂತಿಯಿಂದ ಫ್ಯೂಸ್ ಮೂಲಕ ಒಂದು ತಂತಿಯನ್ನು ಎಳೆದು ಚಾಲಕನ ಎದುರು ಸಣ್ಣ ಬಲ್ಬ್ ಅಳವಡಿಸಬೇಕು. ಬಲ್ಬಿನ ಇನ್ನೊಂದು ತುದಿಯನ್ನು ಚಾಸಿಗೆ ಜೋಡಿಸಬೇಕು. ದೋಷ ಕಾಣಿಸಿದ ಕ್ಷಣದಲ್ಲಿ ಬಲ್ಬ್ ಉರಿಯದಿದ್ದರೆ ಕೀಲಿ ಸ್ವಿಚ್, ರಿಲೇ, ಫ್ಯೂಸ್ ಅಥವಾ ಅವುಗಳ ತಂತಿಯಲ್ಲಿ ದೋಷ. ಮಂದವಾಗಿ ಉರಿದರೆ ಬ್ಯಾಟರಿ ಅಥವಾ ಆ ತಂತಿಯ ಜೋಡಣೆ ಅಶಕ್ತ. ಪ್ರಕಾಶಮಾನವಾಗಿ ಉರಿದೂ ಸೆಲ್ಫ್ ತಿರುಗದಿದ್ದರೆ ಸಾಲಿನಾಯ್ಡ್, ಸೆಲ್ಫ್ ಅಥವಾ ಇಂಜಿನ್ನಿನ ಅರ್ತ್ ಪಟ್ಟಿ. ಎರಡು ಮೂರು ಬಾರಿ ಹೀಗೆ ದಾಖಲಾದರೆ ಊಹೆಗೆ ಅವಕಾಶ ಉಳಿಯುವುದಿಲ್ಲ.

5. ನಿದರ್ಶನ

ಒಂದು ಲಾರಿಯಲ್ಲಿ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ಇದೆ ಎಂದು ಭಾವಿಸೋಣ. ಕೀಲಿ ತಿರುಗಿಸಿ ಹಿಡಿದಾಗ ಸೆಲ್ಫ್ ನಿಧಾನವಾಗಿ ಎಳೆಯುತ್ತದೆ. ಆಗ ಬ್ಯಾಟರಿಯಲ್ಲಿ 11.4, ಧನ ಮಾರ್ಗದ ನಷ್ಟ 0.3, ಅರ್ತ್ ಮಾರ್ಗದ ನಷ್ಟ 2.2 ವೋಲ್ಟ್. ಸೆಲ್ಫ್‌ಗೆ ದೊರೆಯುತ್ತಿರುವುದು 8.9 ವೋಲ್ಟ್ ಮಾತ್ರ. ಇಲ್ಲಿ ಬ್ಯಾಟರಿ ಕುಸಿದಿಲ್ಲ. ಧನ ಕೇಬಲ್ ಸರಿಯಿದೆ. ದೋಷವಿರುವುದು ಅರ್ತ್ ಮಾರ್ಗದಲ್ಲಿ. ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಯ ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು, ಅಗತ್ಯವಿದ್ದರೆ ಹೊಸ ಪಟ್ಟಿ ಹಾಕಿ ಬಿಗಿದು, ಮತ್ತೆ ಅಳೆಯಬೇಕು. ನಷ್ಟ ಮಿತಿಯೊಳಗೆ ಬಂದಾಗಲೇ ದುರಸ್ತಿ ಪೂರ್ಣವಾದಂತೆ. ಈ ಅಳತೆ ಇಲ್ಲದೆ ಹೊಸ ಬ್ಯಾಟರಿ ಹಾಕಿದ್ದರೆ ಲಾರಿ ಕೆಲವು ದಿನ ಸ್ಟಾರ್ಟ್ ಆಗುತ್ತಿತ್ತು. ಅದನ್ನೇ ದುರಸ್ತಿಯೆಂದು ಭಾವಿಸಿ ಬಿಲ್ಲು ಪಾವತಿಯಾಗುತ್ತಿತ್ತು.

6. ಸುರಕ್ಷತೆ

• ಪರೀಕ್ಷೆಗೆ ಮುನ್ನ ಲಾರಿ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟಿರಬೇಕು.
• ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸೆಲ್ಫ್‌ನ ಬೋಲ್ಟ್‌ಗಳನ್ನು ಜೋಡಿಸಿ ಸ್ಟಾರ್ಟ್ ಮಾಡುವ ರೂಢಿಯನ್ನು ನಿಷೇಧಿಸಬೇಕು. ಗೇರಿನಲ್ಲಿರುವ ಲಾರಿ ಆ ವ್ಯಕ್ತಿಯ ಮೇಲೆಯೇ ಹರಿಯಬಹುದು.
• ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಹತ್ತಿರದಲ್ಲಿ ಬೀಡಿ, ಬೆಂಕಿ, ಕಿಡಿ ಸಲ್ಲದು.
• ಬಿಚ್ಚುವಾಗ ಋಣ ತಂತಿಯನ್ನು ಮೊದಲು, ಜೋಡಿಸುವಾಗ ಕೊನೆಯಲ್ಲಿ.
• ನೀರು ತುಂಬಿದ ಟ್ಯಾಂಕರನ್ನು ಜನರಿಂದ ತಳ್ಳಿಸಿ ಅಥವಾ ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವುದು ಅಪಾಯಕರ.

7. ದಾಖಲೆ ಮತ್ತು ಅನುಮೋದನೆ

ಲಾಗ್ ಪುಸ್ತಕದಲ್ಲಿ ಪ್ರತಿ ಬಾರಿಯ ದೋಷಕ್ಕೂ ಐದು ವಿವರಗಳಿರಬೇಕು: ದಿನಾಂಕ ಮತ್ತು ವೇಳೆ, ಇಂಜಿನ್ ತಣ್ಣಗಿತ್ತೇ, ಬಿಸಿಯಿತ್ತೇ, ಕೇಳಿಬಂದ ಶಬ್ದ, ಸೂಚಕ ಬಲ್ಬಿನ ಸ್ಥಿತಿ, ಮತ್ತೆ ಸ್ಟಾರ್ಟ್ ಆದದ್ದು ಹೇಗೆ. ಸೆಲ್ಫ್‌ನ ಮೈಯನ್ನು ಮೆಲ್ಲನೆ ತಟ್ಟಿದಾಗ ತಿರುಗಿತು ಎಂಬಂತಹ ವಿವರವೂ ಮುಖ್ಯ. ಅದು ಸವೆದ ಬ್ರಷ್‌ನ ಸೂಚನೆ.

ದುರಸ್ತಿ ಬಿಲ್ಲು ಸಭೆಯ ಮುಂದೆ ಬಂದಾಗ ಸದಸ್ಯರು ಕೇಳಬಹುದಾದ ಪ್ರಶ್ನೆಗಳು:

1) ಬಿಡಿಭಾಗ ಬದಲಿಸುವ ಮೊದಲು ಅಳೆದ ವೋಲ್ಟೇಜ್ ಎಷ್ಟು, ನಂತರ ಎಷ್ಟು?
2) ಹಳೆಯ ಬ್ಯಾಟರಿ ವಾರಂಟಿ ಅವಧಿಯಲ್ಲಿತ್ತೇ?
3) ತೆಗೆದ ಹಳೆಯ ಬಿಡಿಭಾಗ ದಾಸ್ತಾನು ವಹಿಗೆ ಜಮೆಯಾಗಿದೆಯೇ?
4) ಇದೇ ದೋಷಕ್ಕೆ ಈ ವರ್ಷ ಇದಕ್ಕೂ ಮುನ್ನ ಪಾವತಿಯಾಗಿದೆಯೇ?
5) ‘ಎಲೆಕ್ಟ್ರಿಕಲ್ ಕೆಲಸ’ ಎಂದಷ್ಟೇ ಇರುವ ಬಿಲ್ಲಿನಲ್ಲಿ ಕೆಲಸದ ವಿವರ ಏಕಿಲ್ಲ?

ವಾಹನದ ವಯಸ್ಸನ್ನೂ ಗಮನಿಸಬೇಕು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಅಧಿಸೂಚನೆಯಂತೆ, 1-4-2023ರಿಂದ 15 ವರ್ಷ ಪೂರೈಸಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳುವುದಿಲ್ಲ. ಪಂಚಾಯಿತಿಗಳ ವಾಹನಗಳಿಗೂ ಇದು ಅನ್ವಯಿಸುತ್ತದೆ. ಆ ಅವಧಿಯ ಸಮೀಪವಿರುವ ಲಾರಿಗೆ ದೊಡ್ಡ ವೆಚ್ಚ ಮಾಡುವ ಮೊದಲು ನೋಂದಣಿ ಪತ್ರವನ್ನು ಸಭೆಯ ಮುಂದಿಡುವುದು ಉಚಿತ.

ಉಪಸಂಹಾರ

ಬಿಟ್ಟು ಬಿಟ್ಟು ಬರುವ ದೋಷವನ್ನು ಅದು ಕಾಣಿಸಿದ ಕ್ಷಣದಲ್ಲಿಯೇ ಹಿಡಿಯಬೇಕು. ಆ ಕ್ಷಣದಲ್ಲಿ ಲಾರಿಯ ಬಳಿ ಇರುವವನು ಚಾಲಕನೇ. ಆತನಿಗೆ ಒಂದು ಬಲ್ಬ್, ಒಂದು ಲಾಗ್ ಪುಸ್ತಕ ಮತ್ತು ಬರೆದದ್ದನ್ನು ಓದುವ ಪಂಚಾಯಿತಿ ದೊರೆತರೆ, ಬೇಸಿಗೆ ಆರಂಭವಾಗುವ ಮುನ್ನವೇ ದೋಷ ನಿವಾರಣೆಯಾಗುತ್ತದೆ. ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿ ಪಂಚಾಯಿತಿಯೂ ತನ್ನ ವಾಹನದ ಬ್ಯಾಟರಿ, ಚಾರ್ಜಿಂಗ್ ಮತ್ತು ಅರ್ತ್ ಮಾರ್ಗದ ಅಳತೆಗಳನ್ನು ಒಮ್ಮೆ ಮಾಡಿಸಿ, ಲಾಗ್ ಪುಸ್ತಕದ ಮೊದಲ ಪುಟದಲ್ಲಿ ದಾಖಲಿಸಿಕೊಳ್ಳುವುದು ಸೂಕ್ತ.