ಮಾಲ್ದೀವ್ಸ್‌ಗೆ ಹೊರಡುವ ಮುನ್ನ ಕೂಡಬೇಕಾದ ಲೆಕ್ಕ

ಮಾಲ್ದೀವ್ಸ್‌ನ ರೆಸಾರ್ಟುಗಳ ದರಪಟ್ಟಿ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಬೆಲೆಯ ಪಕ್ಕದಲ್ಲಿರುವ ಎರಡು ಪ್ಲಸ್ ಗುರುತುಗಳನ್ನು. ರಾತ್ರಿಗೆ 400 ಡಾಲರ್ ++ ಎಂದಿದ್ದರೆ, ಮೊದಲ ಪ್ಲಸ್ ಶೇ 10ರ ಸೇವಾ ಶುಲ್ಕ. ಎರಡನೆಯದು ಅಲ್ಲಿನ ಸರ್ಕಾರ ಹಾಕುವ ಪ್ರವಾಸೋದ್ಯಮ ಜಿಎಸ್‌ಟಿ. ಈ ತೆರಿಗೆ 2023ರ ಜನವರಿಯಲ್ಲಿ ಶೇ 12ರಿಂದ 16ಕ್ಕೆ, 2025ರ ಜುಲೈಯಲ್ಲಿ ಶೇ 17ಕ್ಕೆ ಏರಿತು. ಅದು ಬೀಳುವುದೂ ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ. ಹಾಗಾಗಿ 100 ಡಾಲರ್ ಎಂದು ಬರೆದದ್ದಕ್ಕೆ ನೀವು ಕೊಡುವುದು 128 ಡಾಲರ್ 70 ಸೆಂಟ್. ಕೋಣೆಗೂ ಅಷ್ಟೇ, ಮಕ್ಕಳು ಕೇಳುವ ಐಸ್‌ಕ್ರೀಮಿಗೂ ಅಷ್ಟೇ.

2025ರ ದಸರಾ ರಜೆಯಲ್ಲಿ ನಾವು ಐದು ಜನ ಹೋಗಿ ಬಂದೆವು: ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಎರಡು ವರ್ಷ ಮೊದಲೇ ದುಡ್ಡು ಕೂಡಿಡಲು ಶುರು ಮಾಡಿದ್ದೆವು. ಆ ವರ್ಷವೇ ಹೊರಡಲು ಎರಡು ಕಾರಣ. ಅತ್ತೆಯವರ ಮಂಡಿ ಇನ್ನೂ ಮರಳಿನ ಮೇಲೆ ನಡೆಯುವ ಹಾಗಿತ್ತು. ದೊಡ್ಡವಳಿಗೆ ಹನ್ನೆರಡು ತುಂಬಿರಲಿಲ್ಲ. ಹನ್ನೆರಡು ತುಂಬಿದರೆ ಬಹುತೇಕ ರೆಸಾರ್ಟುಗಳಲ್ಲಿ ಮಗು ದೊಡ್ಡವರ ಲೆಕ್ಕಕ್ಕೆ ಸೇರುತ್ತದೆ. ಊಟ, ದೋಣಿ ಎಲ್ಲದಕ್ಕೂ ಪೂರಾ ದರ. ಎರಡನೆಯ ಕಾರಣ ಕೇಳಿ ನಕ್ಕವರಿದ್ದಾರೆ. ಆದರೆ ಮನೆಯ ಹಣ ನೋಡಿಕೊಳ್ಳುವವರು ಮಕ್ಕಳ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪೂರ್ತಿ ಲೆಕ್ಕ ಬಿಡಿಸಿಡುತ್ತೇನೆ. ಡಾಲರಿಗೆ ₹90 ಎಂದು, ನಾವು ಹೋದಾಗಿನ ದರಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿದಿದ್ದೇನೆ. ಪ್ರವಾಸದ ಬಜೆಟ್ಟಿನಲ್ಲಿ ರೂಪಾಯಿಯನ್ನು ಬಲವಾಗಿ ಊಹಿಸಬಾರದು. ಎರಡು ಕೋಣೆಗಳ ಬೀಚ್ ವಿಲ್ಲಾಗೆ ರಾತ್ರಿಗೆ 400 ಡಾಲರ್ ++. ನಾಲ್ಕು ರಾತ್ರಿಗೆ 1,600 ಡಾಲರ್, ಅಂದರೆ ₹1.44 ಲಕ್ಷ. ಜಾಹೀರಾತು ನಿಲ್ಲುವುದು ಇಲ್ಲಿಗೆ. ಪ್ಲಸ್‌ಗಳನ್ನು ಸೇರಿಸಿದರೆ 1,600 ಹೋಗಿ 2,059 ಆಗುತ್ತದೆ. ಆಮೇಲೆ ಹಸಿರು ತೆರಿಗೆ. 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ಅದು ತಲೆಗೆ, ರಾತ್ರಿಗೆ 12 ಡಾಲರ್. ಅದಕ್ಕೆ ಮೊದಲು 6 ಇತ್ತು. ಎರಡು ವರ್ಷದೊಳಗಿನ ಕೂಸುಗಳಿಗೆ ಮಾತ್ರ ವಿನಾಯಿತಿ. ಐದು ಜನಕ್ಕೆ ನಾಲ್ಕು ರಾತ್ರಿಗೆ 240 ಡಾಲರ್. ಮಾಲೆಯ ವಿಮಾನ ನಿಲ್ದಾಣದಿಂದ ಸ್ಪೀಡ್‌ಬೋಟಿನಲ್ಲಿ ಹೋಗಿ ಬರಲು 640. ಮೂರು ಹೊತ್ತಿನ ಊಟದ ಯೋಜನೆಗೆ ಮೂವರು ದೊಡ್ಡವರಿಗೆ 900, ಮಕ್ಕಳಿಗೆ ಬಿಟ್ಟಿ. ಒಟ್ಟು 3,839 ಡಾಲರ್, ಸುಮಾರು ₹3.45 ಲಕ್ಷ. ಬೆಂಗಳೂರಿನಿಂದ ವಿಮಾನಕ್ಕೆ ತಲೆಗೆ ₹25,000ದಂತೆ ₹1.25 ಲಕ್ಷ. ಎಲ್ಲ ಸೇರಿ ₹4.7 ಲಕ್ಷ. ₹1.44 ಲಕ್ಷವಿದ್ದದ್ದು ಮೂರು ಪಟ್ಟು ದಾಟಿತು, ಅದೂ ಒಂದು ಎಳನೀರನ್ನೂ ಹೆಚ್ಚಿಗೆ ಕೊಳ್ಳದೆ.

ವಿಮಾನದ ಟಿಕೆಟ್ಟಿನ ಒಳಗೂ ಒಂದು ತೆರಿಗೆ ಸೇರಿರುತ್ತದೆ. ಮಾಲ್ದೀವ್ಸ್‌ನಿಂದ ಹೊರಡುವ ವಿದೇಶಿಯರಿಂದ ನಿರ್ಗಮನ ತೆರಿಗೆ, ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಎಂದು ತಲಾ 50 ಡಾಲರ್ ವಸೂಲಾಗುತ್ತದೆ. 2024ರ ಡಿಸೆಂಬರಿನಿಂದ ಎಕಾನಮಿ ದರ್ಜೆಗೆ ಇದೇ ದರ. ಒಬ್ಬರಿಗೆ 100 ಡಾಲರಿನಂತೆ ನಮ್ಮ ಐದು ಜನಕ್ಕೆ ₹45,000. ಎರಡು ಗಂಟೆಯ ಹಾರಾಟಕ್ಕೆ ಇಷ್ಟೇಕೆ ಎಂದು ಬೇರೆ ಬೇರೆ ಜಾಲತಾಣಗಳಲ್ಲಿ ಹುಡುಕಾಡಿ ಸಮಯ ಕಳೆಯಬೇಡಿ. ಈ ಭಾಗ ಯಾವ ರಿಯಾಯಿತಿಗೂ ಜಗ್ಗುವುದಿಲ್ಲ.

ಇಷ್ಟು ದುಬಾರಿ ಏಕೆ ಎಂಬುದು ಅಲ್ಲಿ ಒಂದು ದಿನ ಕಳೆದರೆ ತಿಳಿಯುತ್ತದೆ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದ ಕಾಲದಿಂದ ಅಲ್ಲಿ ಬೆಳೆದು ಬಂದ ಪದ್ಧತಿ ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ನೆಲವೆಲ್ಲ ಹವಳದ ಮರಳು, ಹೊಲಗದ್ದೆಗೆ ಜಾಗ ಕಡಿಮೆ. ಅಕ್ಕಿ, ತರಕಾರಿ, ಹಾಲು ಬಹುಮಟ್ಟಿಗೆ ಹೊರದೇಶದಿಂದ ಹಡಗು, ವಿಮಾನ ಹತ್ತಿ ಬರಬೇಕು. ಕುಡಿಯುವ ನೀರನ್ನು ಸಮುದ್ರದ ಉಪ್ಪು ಬೇರ್ಪಡಿಸಿ ಮಾಡಿಕೊಳ್ಳುತ್ತಾರೆ. ವಿದ್ಯುತ್ತಿಗೆ ಡೀಸೆಲ್ ಜನರೇಟರ್. ನಾವು ಬಾಡಿಗೆಗೆ ಹಿಡಿಯುವ ಕೋಣೆಯ ಹಿಂದೆ ಒಂದು ಪುಟ್ಟ ಊರನ್ನೇ ನಡೆಸುವ ಖರ್ಚಿದೆ. ದರ್ಶಿನಿಗೋ ಮೂಲೆಯಂಗಡಿಗೋ ಹೋಗಿಬರೋಣವೆಂದರೆ ಸುತ್ತ ನೀರು. ಹಾಗಾಗಿ ಇಂಥ ಜಾಗದಲ್ಲಿ ಹಣದ ತೀರ್ಮಾನಗಳೆಲ್ಲ ಮನೆಯಲ್ಲಿ ಕೂತಾಗಲೇ ಆಗಬೇಕು. ಅಲ್ಲಿಗೆ ಹೋದ ಮೇಲೆ ಬೆಲೆ ಹೋಲಿಸಲು ಇನ್ನೊಂದು ಅಂಗಡಿಯಿಲ್ಲ.

ಅತಿ ದೊಡ್ಡ ತೀರ್ಮಾನ ಸೀಪ್ಲೇನೋ ಸ್ಪೀಡ್‌ಬೋಟೋ ಎಂಬುದು. ದೂರದ ಹವಳದ್ವೀಪಗಳಿಗೆ ಸೀಪ್ಲೇನಿನಲ್ಲಿ ಹೋಗಬೇಕು. ನಾವು ವಿಚಾರಿಸಿದ ಒಂದು ರೆಸಾರ್ಟಿನಲ್ಲಿ ಹೋಗಿ ಬರಲು ದೊಡ್ಡವರಿಗೆ 480, ಮಕ್ಕಳಿಗೆ 280 ಡಾಲರ್ ಇತ್ತು. ನಮಗೆ ಒಟ್ಟು 2,000, ಅಂದರೆ ₹1.8 ಲಕ್ಷ. ಸ್ಪೀಡ್‌ಬೋಟಿಗಿಂತ ₹1.22 ಲಕ್ಷ ಹೆಚ್ಚು. ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯಲ್ಲೋ ಹುಲ್‌ಹುಮಾಲೆಯಲ್ಲೋ ಹೋಟೆಲ್ ಹಿಡಿಯಬೇಕು. ರೆಸಾರ್ಟಿನಲ್ಲಿ ಕಾದಿರಿಸಿದ ರಾತ್ರಿಯೂ ವ್ಯರ್ಥ. ಒಬ್ಬ ಪ್ರವಾಸ ಏಜೆಂಟರು ನಮಗೆ ಕಳಿಸಿದ ಪ್ಯಾಕೇಜಿನಲ್ಲಿ ಈ ಸಾಗಣೆಯ ಸಾಲೇ ಇರಲಿಲ್ಲ. ಕೇಳಿದ ಮೇಲೆ ಬಂತು. ಆಕಾಶದಿಂದ ನೀಲಿ ಹವಳದ ಬಳೆಗಳನ್ನು ನೋಡುವುದು ದೊಡ್ಡ ಸುಖವೆಂದು ನೋಡಿದವರು ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಮಾಲೆಗೆ ಇಳಿಯುವಾಗ ನಮ್ಮ ವಿಮಾನದ ಕಿಟಕಿಯಿಂದಲೂ ಅವು ಕಂಡವು.

ಊಟದ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಇದೇ ಮುಖ್ಯ. ಬೆಳಗಿನ ತಿಂಡಿ ಮಾತ್ರ ಸೇರಿದ ದರ ಅಗ್ಗವಾಗಿ ಕಾಣುತ್ತದೆ. ನಾವು ಹೋದ ಕಡೆ ಮಧ್ಯಾಹ್ನದ ಊಟ 45, ರಾತ್ರಿಯದು 75 ಡಾಲರ್, ಎರಡಕ್ಕೂ ಪ್ಲಸ್‌ಗಳು ಬೇರೆ. ಒಬ್ಬರಿಗೆ ದಿನಕ್ಕೆ 154 ಡಾಲರ್, ₹13,900. ಮೊದಲೇ ಕಟ್ಟುವ ಮೂರು ಹೊತ್ತಿನ ಯೋಜನೆ ಅದರ ಅರ್ಧಕ್ಕಿಂತ ಕಡಿಮೆ: ತೆರಿಗೆ ಸೇರಿ 75 ಡಾಲರ್. ಅಂಕಿ ಒಂದು ಕಡೆ ಇರಲಿ. ಅತ್ತೆ ನಿವೃತ್ತ ಶಾಲಾ ಶಿಕ್ಷಕಿ, ಒಬ್ಬರ ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದವರು. ಮೆನುವಿನಲ್ಲಿ ಬೆಲೆ ಕಂಡರೆ ಅವರು "ನನಗೇನೂ ಹಸಿವಿಲ್ಲ ಕಣಮ್ಮ, ನೀವು ತಿನ್ನಿ" ಎಂದು ಕೂತುಬಿಡುತ್ತಾರೆ. ಇಡೀ ಪ್ರವಾಸ ಅವರಿಗೆ ಸಂಕೋಚದಲ್ಲೇ ಕಳೆಯುತ್ತದೆ. ದುಡ್ಡು ಮೊದಲೇ ಕಟ್ಟಿಯಾಗಿದೆ, ತಿಂದರೂ ಅಷ್ಟೇ ಬಿಟ್ಟರೂ ಅಷ್ಟೇ ಎಂದಾಗ ಅವರೇ ತಟ್ಟೆ ಹಿಡಿದು ಬಫೆಯ ಸಾಲಿನಲ್ಲಿ ನಿಂತು ಪಪಾಯ, ಅನಾನಸ್, ಬಿಸಿ ಬ್ರೆಡ್ ಎಲ್ಲ ಹಾಕಿಸಿಕೊಂಡರು. ಹಿರಿಯರನ್ನು ಕರೆದೊಯ್ಯುವವರಿಗೆ ನನ್ನ ಮಾತು ಇಷ್ಟೇ: ಅವರ ಕಣ್ಣಿಗೆ ಯಾವ ಬಿಲ್ಲೂ ಬೀಳದ ಹಾಗೆ ನೋಡಿಕೊಳ್ಳಿ.

ಅದೇ ಉಸಿರಿನಲ್ಲಿ ಇನ್ನೊಂದು ಮಾತು. "ಆಲ್ ಇನ್‌ಕ್ಲೂಸಿವ್" ಯೋಜನೆಯ ದರದಲ್ಲಿ ಮದ್ಯದ ಖರ್ಚು ದೊಡ್ಡ ಪಾಲು. ಕುಡಿಯದ ಕುಟುಂಬ ಅದನ್ನು ಕೊಂಡರೆ ಪಕ್ಕದ ಮೇಜಿನವರ ಲೋಟಕ್ಕೆ ದುಡ್ಡು ಕೊಟ್ಟ ಹಾಗೆ. ನಮ್ಮಂಥವರಿಗೆ ಮೂರು ಹೊತ್ತಿನ ಊಟ ಮಾತ್ರ ಸೇರಿದ "ಫುಲ್ ಬೋರ್ಡ್" ಸಾಕು. ನೀರು ಅದರಲ್ಲಿ ಸೇರಿದೆಯೇ ಎಂದು ಮಾತ್ರ ಬರಹದಲ್ಲಿ ಕೇಳಿಕೊಳ್ಳಿ. ಕೆಲವು ಕಡೆ ಸೇರಿರುವುದಿಲ್ಲ.

ಎರಡನೆಯ ದಿನ ಅಡುಗೆಮನೆಯಿಂದ ಕುಂದಾಪುರ ಕಡೆಯ ಹುಡುಗನೊಬ್ಬ ಹೊರಗೆ ಬಂದ. ನಾವು ಕನ್ನಡದಲ್ಲಿ ಮಾತಾಡುವುದು ಅವನ ಕಿವಿಗೆ ಬಿದ್ದಿತ್ತು. ಅತ್ತೆಯ ಹತ್ತಿರ ಬಗ್ಗಿ, "ಅಮ್ಮಾ, ನಿಮ್ಗೆ ಮೊಸ್ರನ್ನ ನಾನ್ ಮಾಡಿ ಕೊಡ್ತೆ" ಎಂದ, ಮಾಡಿಯೂ ಕೊಟ್ಟ. ಆ ಶೇ 10ರ ಸೇವಾ ಶುಲ್ಕ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದೆ. ಅದು ತಿಂಗಳಿಗೊಮ್ಮೆ ನೌಕರರಿಗೆ ಹಂಚಿಕೆಯಾಗುತ್ತದೆ, ಸಂಬಳಕ್ಕಿಂತ ಅದನ್ನೇ ನಂಬಿ ತಾನು ಊರಿಗೆ ದುಡ್ಡು ಕಳಿಸುವುದು ಎಂದ. "ಕೋಣೆ ಖಾಲಿ ಇದ್ರೆ ನಮ್ ಕೈಗೆ ಬಪ್ಪುದೂ ಕಮ್ಮಿ" ಎಂದಾಗ ನಮ್ಮ ಬಿಲ್ಲಿನ ಮೊದಲ ಪ್ಲಸ್ಸಿನ ಬಗ್ಗೆ ನನಗಿದ್ದ ಅಸಮಾಧಾನ ಪೂರ್ತಿ ಹೋಯಿತು. ಎರಡನೆಯದರ ಬಗ್ಗೆ ಹಾಗೆ ಹೇಳಲಾರೆ.

ಕೋಣೆಗಳು ಖಾಲಿ ಇರುವ ಕಾಲ ನೈಋತ್ಯ ಮುಂಗಾರಿನದು, ಮೇಯಿಂದ ಅಕ್ಟೋಬರ್. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ. ಚಳಿಯಿಂದ ತಪ್ಪಿಸಿಕೊಳ್ಳುವ ಯುರೋಪಿನವರು ಆಗ ಬರುತ್ತಾರೆ, ದರವೂ ಏರಿರುತ್ತದೆ. ಕ್ರಿಸ್ಮಸ್, ಹೊಸ ವರ್ಷದ ರಾತ್ರಿ ಇದ್ದವರಿಗೆ ಬೇಕೋ ಬೇಡವೋ "ಗಾಲಾ ಡಿನ್ನರ್" ಶುಲ್ಕವನ್ನು ಬಹಳ ಕಡೆ ಹಾಕುತ್ತಾರೆ. ನಮ್ಮ ದಸರಾ ರಜೆ ಅಗ್ಗದ ಕಾಲದಲ್ಲೇ ಬೀಳುವುದು ಕರ್ನಾಟಕದ ಶಾಲಾ ಮಕ್ಕಳ ತಂದೆತಾಯಿಗಳಿಗೆ ಅನುಕೂಲ. ಮಳೆ ಬಂತು, ಒಂದು ಮಧ್ಯಾಹ್ನ ಪೂರ್ತಿ ಸುರಿಯಿತು. ಮಲೆನಾಡಿನ ಅತ್ತೆಗೆ ಅದೊಂದು ಮಳೆಯೇ ಅಲ್ಲ.

ಖರ್ಚಿನ ಇನ್ನೊಂದು ದೊಡ್ಡ ಬಾಬತ್ತು ದೋಣಿ ವಿಹಾರ, ಸ್ನಾರ್ಕೆಲಿಂಗ್ ಪ್ರವಾಸಗಳದ್ದು. ಮೀನು, ಆಮೆ ತೋರಿಸಲು ಒಬ್ಬರಿಗೆ 100 ಡಾಲರ್ ಕೇಳುವುದು ಸಾಮಾನ್ಯ. ಇದನ್ನು ಉಳಿಸಬೇಕೆಂದರೆ ದಡಕ್ಕೆ ಹತ್ತಿರವೇ ಹವಳದ ದಂಡೆಯಿರುವ ದ್ವೀಪ ಆರಿಸಬೇಕು. ಅಲ್ಲಿನವರು "ಹೌಸ್ ರೀಫ್" ಎನ್ನುತ್ತಾರೆ. ಕೋಣೆಯ ಚಿತ್ರಗಳಿಗಿಂತ ನಾನು ಹೆಚ್ಚು ಹೊತ್ತು ನೋಡಿದ್ದು ಇದನ್ನೇ. ಬೆಂಗಳೂರಿನಿಂದಲೇ ಒಯ್ದ ಮುಖವಾಡ, ಉಸಿರಿನ ಕೊಳವೆ ಹಾಕಿಕೊಂಡು ಮಕ್ಕಳು ಅಪ್ಪನ ಜತೆ ದಿನವೂ ಇಳಿದರು. ಗಿಳಿಮೀನು, ಆಮೆ, ಮೊಣಕಾಲುದ್ದದ ನೀರಿನಲ್ಲಿ ಓಡಾಡುವ ಕಪ್ಪುತುದಿ ರೆಕ್ಕೆಯ ಮರಿ ಶಾರ್ಕ್‌ಗಳು, ಎಲ್ಲವೂ ಖರ್ಚಿಲ್ಲದೆ ಕಂಡವು. ನೀರಿನ ಮೇಲಿನ ವಿಲ್ಲಾಗಳ ಕಡೆ ನಾವು ನೋಡಲಿಲ್ಲ. ಬೆಲೆ ಹೆಚ್ಚು, ಚಿಕ್ಕ ಮಕ್ಕಳನ್ನು ಅನೇಕ ಕಡೆ ಬಿಡುವುದೂ ಇಲ್ಲ.

ಎಷ್ಟು ರಾತ್ರಿ ಇರಬೇಕು? ವಿಮಾನ, ದೋಣಿ ಸೇರಿ ₹1.83 ಲಕ್ಷ ಒಂದು ರಾತ್ರಿಗೂ ಅಷ್ಟೇ, ಏಳಕ್ಕೂ ಅಷ್ಟೇ. ಅದರ ಮೇಲೆ ಪ್ರತಿ ರಾತ್ರಿಗೆ ಕೋಣೆ, ತೆರಿಗೆ, ಊಟ ಸೇರಿ ಸುಮಾರು ₹72,000. ಎರಡೇ ರಾತ್ರಿಗೆ ಹೋದರೆ ಒಂದೊಂದು ರಾತ್ರಿ ₹1.63 ಲಕ್ಷಕ್ಕೆ ಬೀಳುತ್ತದೆ, ನಾಲ್ಕಾದರೆ ₹1.18 ಲಕ್ಷಕ್ಕೆ. "ಸುಮ್ಮನೆ ಎರಡು ದಿನ ಹೋಗಿಬರೋಣ" ಎನ್ನುವವರಿಗೆ ನಾನು ಬೇಡವೆಂದೇ ಹೇಳುವುದು. ಅಷ್ಟಕ್ಕೆ ಕಾಪು, ಮರವಂತೆಯ ಕಡಲು ಇದೆ.

ಕಾದಿರಿಸುವಾಗ ಹಣ ವಾಪಸಾಗದ ದರ ಅಗ್ಗವಿತ್ತು. ಮನೆಯಲ್ಲಿ ಹಿರಿಯರಿದ್ದರೆ ಅದರ ತಂಟೆ ಬೇಡ. ರದ್ದು ಮಾಡಬಹುದಾದ ದರವನ್ನೇ ತೆಗೆದುಕೊಳ್ಳಿ. ಪ್ರಯಾಣ ವಿಮೆ ಮಾಡಿಸುವಾಗ ಅತ್ತೆಯವರ ಬಿಪಿ, ಸಕ್ಕರೆ ಎರಡನ್ನೂ ಬರೆಸಿದೆವು. ಪ್ರೀಮಿಯಂ ಏರುತ್ತದೆಂದು ಕಾಯಿಲೆ ಮುಚ್ಚಿಟ್ಟರೆ, ದ್ವೀಪದಿಂದ ಮಾಲೆಯ ಆಸ್ಪತ್ರೆಗೆ ತುರ್ತಾಗಿ ಸಾಗಿಸಬೇಕಾದ ದಿನ ವಿಮಾ ಕಂಪನಿ ಕೈಯೆತ್ತಬಹುದು.

ನಾವು ಕಟ್ಟಿದಾಗ ಭಾರತದ ಏಜೆಂಟರಿಂದ ಕೊಳ್ಳುವ ವಿದೇಶಿ ಪ್ಯಾಕೇಜಿಗೆ ₹10 ಲಕ್ಷದವರೆಗೆ ಶೇ 5 ಟಿಸಿಎಸ್ (ಮಾರುವವರೇ ವಸೂಲು ಮಾಡುವ ಮುಂಗಡ ತೆರಿಗೆ) ಇತ್ತು. ವಿಮಾನ, ಕೋಣೆ ಬೇರೆ ಬೇರೆಯಾಗಿ ನಾವೇ ಕಾದಿರಿಸಿದರೆ ಅದು ಪ್ಯಾಕೇಜ್ ಆಗುವುದಿಲ್ಲ. ಕಟ್ಟಿದವರಿಗೂ ಆ ಹಣ ಮುಳುಗುವುದಿಲ್ಲ. ಆದಾಯ ತೆರಿಗೆ ಇಲಾಖೆಯ ತೆರಿಗೆ ವಿವರಪಟ್ಟಿಯಲ್ಲಿ ಕಾಣಿಸುತ್ತದೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಯಾರ ಪ್ಯಾನ್ ಕೊಟ್ಟಿರೋ ಅವರ ಹೆಸರಿಗೇ ಅದು ಸೇರುವುದರಿಂದ ತೆರಿಗೆ ಕಟ್ಟುವವರ ಪ್ಯಾನ್ ಕೊಡುವುದು ಲೇಸು. ಇನ್ನು ಕ್ರೆಡಿಟ್ ಕಾರ್ಡ್: ಸಾಮಾನ್ಯ ಕಾರ್ಡುಗಳಲ್ಲಿ ವಿದೇಶಿ ಕರೆನ್ಸಿಗೆ ಶೇ 3.5 ಶುಲ್ಕ, ಅದರ ಮೇಲೆ ಜಿಎಸ್‌ಟಿ. ₹90,000ಕ್ಕೆ ₹3,700 ಹೆಚ್ಚು. ಈ ಶುಲ್ಕವಿಲ್ಲದ ಕಾರ್ಡುಗಳಿವೆ. ರೆಸಾರ್ಟಿನಿಂದ ಹೊರಡುವಾಗ ಕಾರ್ಡ್ ಯಂತ್ರ "ರೂಪಾಯಿಯೋ ಡಾಲರೋ" ಎಂದು ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದ್ದಾಗುತ್ತದೆ.

ಈ ಪ್ರವಾಸಕ್ಕೆ ಸಾಲ ಮಾಡಿಲ್ಲ. ತಿಂಗಳಿಗೆ ₹19,000ದಂತೆ ಆರ್‌ಡಿ ಕಟ್ಟಿದೆವು. ಎರಡು ವರ್ಷದೊಳಗೆ ಬೇಕಾಗುವ ಹಣವನ್ನು ಷೇರು ಮ್ಯೂಚುವಲ್ ಫಂಡಿನಲ್ಲಿಡಲು ನನಗೆ ಧೈರ್ಯವೂ ಇಲ್ಲ, ಇಡಬೇಕೆಂದೂ ಅನ್ನಿಸುವುದಿಲ್ಲ. ರಜೆಗೆ ಇಎಂಐ ಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಮನೆಗೆ, ಓದಿಗೆ ಸಾಲ ಮಾಡುವುದು ಬೇರೆ. ಐದು ದಿನದ ಸಂತೋಷಕ್ಕೆ ಒಂದೂವರೆ ವರ್ಷ ಕಂತು ಕಟ್ಟುವುದನ್ನು ನಾನು ಯಾರಿಗೂ ಹೇಳಲಾರೆ. ಅಷ್ಟು ಹಣ ಹೊಂದಿಸಲಾಗದವರಿಗೆ ಮಾಫುಶಿಯಂಥ ಜನವಸತಿ ದ್ವೀಪಗಳಿವೆ. ಅತಿಥಿಗೃಹಗಳಲ್ಲಿ ಬಾಡಿಗೆ ಎಷ್ಟೋ ಕಡಿಮೆ, 50ಕ್ಕಿಂತ ಕಡಿಮೆ ಕೋಣೆಯಿದ್ದರೆ ಹಸಿರು ತೆರಿಗೆಯೂ 6 ಡಾಲರ್ ಮಾತ್ರ, ಬೀದಿಯಲ್ಲಿ ಅಂಗಡಿ, ಊಟದ ಮನೆಗಳಿವೆ. ಕಡಲು ಅದೇ. ಅಲ್ಲಿ ಊರಿನವರ ಧರ್ಮ, ಉಡುಪಿನ ಮರ್ಯಾದೆಗೆ ತಕ್ಕಂತೆ ಇರಬೇಕು, ಅಷ್ಟೇ.

ಮಕ್ಕಳು ಈಗ ಅಂಡಮಾನ್ ಹೆಸರು ಹೇಳುತ್ತಿದ್ದಾರೆ, ಹೊಸ ಆರ್‌ಡಿ ತೆರೆದಾಗಿದೆ. ಮನೆಸಾಲದ ಕಾರಣ ನಮ್ಮ ಮನೆಯವರು ಇನ್ನೂ ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದಾರೆ. ಮಾಲ್ದೀವ್ಸ್‌ಗೆ ಸಿಗದ ರಜೆ ಪ್ರಯಾಣ ಭತ್ಯೆಯ (ಎಲ್‌ಟಿಎ) ವಿನಾಯಿತಿ ದೇಶದೊಳಗಿನ ಪ್ರಯಾಣ ದರಕ್ಕೆ ಸಿಗುತ್ತದೆ, ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಸಲ. ನಮ್ಮಿಬ್ಬರ, ಮಕ್ಕಳ ಟಿಕೆಟ್ಟಿಗೆ ಅದು ಅನ್ವಯಿಸುತ್ತದೆ. ಅತ್ತೆಗೆ ಸ್ವಂತ ಪಿಂಚಣಿ ಇರುವುದರಿಂದ ಅವರನ್ನು ಅವಲಂಬಿತರೆಂದು ತೋರಿಸಲಾಗದು. ಅವರ ಟಿಕೆಟ್ಟನ್ನು ಲೆಕ್ಕದಲ್ಲಿ ಬೇರೆ ಸಾಲಾಗಿ ಬರೆದಿದ್ದೇನೆ.